ಬಾಗಿಲ ಮೇಲಿನ ಅಂಕಿ

ಬಾಳೆಲೆ
18-3-1954

ಪ್ರೀತಿಯ ಯಮುನಾ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಅತ್ತೆ ಕೇಳುತ್ತಿರುವುದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀಯ: ಕುಶಾಲಪ್ಪ ಆಸೆಬಿದ್ದು ಹೆಚ್ಚು ಕಲ್ಲು ಹೇರಿ ಸತ್ತನೇ? ಇಲ್ಲ. ನಿನ್ನ ತಮ್ಮನದು ಏನೂ ತಪ್ಪಿಲ್ಲ. ತಪ್ಪು ನನ್ನದು.

ಎಸ್ಟೇಟಿನವರು ಮಿಲಿಟರಿ ಹರಾಜಿನ ಲಾರಿ ತಂದು, ಮರದ ಬಾಡಿ ಕಿತ್ತು ಕಬ್ಬಿಣದ ಟಿಪ್ಪರ್ ತೊಟ್ಟಿ ಕೂರಿಸಿದ್ದು ನಿನಗೆ ಗೊತ್ತು. ಹೊಳೆಯ ಮರದ ಸೇತುವೆ ತಡೆಯುವುದು ಒಟ್ಟು ಹನ್ನೊಂದು ಸಾವಿರ ರಾತ್ಲು. ಖಾಲಿ ಲಾರಿಯ ತೂಕವೆಷ್ಟು, ಎಷ್ಟು ಕಲ್ಲು ಹೇರಬಹುದು, ಲೆಕ್ಕ ಹಾಕಿಕೊಡಿ ರೈಟರೇ ಎಂದರು. ಲಾರಿ ತೂಗುವ ಕಾಟಾ ಇಲ್ಲಿ ಎಲ್ಲಿಂದ ತರಲಿ? ಬಾಡಿ ಬಿಟ್ಟು ಐದು ಸಾವಿರ ಎಂದು ಹರಾಜಿನ ಕಾಗದದಲ್ಲಿತ್ತು. ತೊಟ್ಟಿಯ ಭಾಗಗಳನ್ನು ಕೂರಿಸುವ ಮೊದಲೇ ಒಂದೊಂದಾಗಿ ಕಾಫಿ ಕಾಟಾದ ಮೇಲೆ ಇಡಿಸಿದೆ.

ಹದಿನೆಂಟು ವರ್ಷ ಹಸಿ ಕಾಫಿ ತೂಗಿದ ಕೈ ಇದು. ತೂಕ ಕಂಡ ಕೂಡಲೇ ತೇವದ ಬಾಬ್ತು ಐದರಲ್ಲೊಂದು ಪಾಲು ಕಳೆದೇ ಬರೆಯುತ್ತದೆ. ಕಬ್ಬಿಣಕ್ಕೂ ಕಳೆದೆ, ಯಮುನಾ! ಕಬ್ಬಿಣಕ್ಕೆಲ್ಲಿಯ ತೇವ? ನಾಲ್ಕು ಸಾವಿರ ರಾತ್ಲಿನ ತೊಟ್ಟಿ ನನ್ನ ಪುಸ್ತಕದಲ್ಲಿ ಮೂರು ಸಾವಿರದ ಇನ್ನೂರಾಯಿತು. ಎರಡು ಸಾವಿರ ಹೇರಬೇಕಾದ ಲಾರಿಯ ಬಾಗಿಲ ಮೇಲೆ ಎರಡು ಸಾವಿರದ ಎಂಟುನೂರು ಎಂದು ಬಣ್ಣದಲ್ಲಿ ಬರೆಸಿದೆ.

ಎರಡನೇ ದಿನವೇ ಕುಶಾಲಪ್ಪ ಬಂದು, "ಭಾವಾ, ಲಾರಿ ಭಾರ ಉಟ್ಟು" ಎಂದು, ಲಾರಿ ಲೆಕ್ಕಕ್ಕಿಂತ ಭಾರವಿರುವುದನ್ನು ಹೇಳಿದ್ದ. ನೀನು ಸ್ಟೇರಿಂಗ್ ನೋಡಿಕೋ, ಲೆಕ್ಕ ನನಗೆ ಬಿಡು ಎಂದು ಆಳುಗಳೆದುರಿಗೇ ಗದರಿಸಿದೆ. ಅವನು ಹೋಗಿ ಲಾರಿ ಹತ್ತಿದ. ನಾಲ್ಕನೇ ದಿನ ಸೇತುವೆ ಕುಸಿಯಿತು.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಪುಸ್ತಕ ತೆರೆದೆ. ಕಣ್ಣಿಗೆ ಬಿತ್ತು. ಆದರೂ ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಡ್ರೈವರ್ ಹೆಚ್ಚು ಹೇರಿದ್ದ ಎಂದು ಬರೆದುಕೊಂಡು ಹೋದರು.

ಪುಸ್ತಕ ಇದರ ಜೊತೆಗಿದೆ. ಮಡಿಕೇರಿ ಕಚೇರಿಯ ಮೆಟ್ಟಿಲವರೆಗೆ ಎರಡು ಸಲ ಹೋಗಿ ಹಿಂದಿರುಗಿದೆ. ನನ್ನ ಕೈಲಾಗದು, ನೀನೇ ಕೊಡು. ಮೊದಲು ಅತ್ತೆಗೆ ಓದಿ ಹೇಳು. ಇಷ್ಟು ತಿಳಿದ ಮೇಲೆ ನೀನು ಈ ಮನೆಗೆ ಬರುವುದಿಲ್ಲ. ಬಾ ಎನ್ನುವ ಮುಖ ನನಗೂ ಇಲ್ಲ.

ನಿನ್ನವನೆಂದು ಬರೆಯಲು ಕೈ ಬಾರದ,
ಪೊನ್ನಪ್ಪ

ಮೇಲೆ ಬರೆಯಲಾಗದೆ ಹೋದದ್ದು: ಅಂದು ಲಾರಿಗೆ ಕಲ್ಲು ತುಂಬಿಸಿದ ಲಿಂಗಮ್ಮ, ಕುಶಾಲಪ್ಪ ತೊಂಬತ್ತು ಬುಟ್ಟಿ ಹಾಕಿಸಿಕೊಂಡ ಎಂದು ಸಾಕ್ಷಿ ಹೇಳಿದಳಲ್ಲ, ಅವಳನ್ನು ಬಯ್ಯಬೇಡ. ಬುಟ್ಟಿಗೆ ನಲವತ್ತು ರಾತ್ಲಿನಂತೆ ಅವಳು ಎಣಿಸಿದ್ದು ಎಪ್ಪತ್ತೇ, ಬಾಗಿಲ ಮೇಲೆ ಇದ್ದಷ್ಟೇ. ತೊಂಬತ್ತು ಎಂದು ಹೇಳಿಕೊಟ್ಟವನು ನಾನು.