ಎರಡು ಮುಳ್ಳಿನ ಮೀಟರು

ಲಕ್ಷ್ಮೀಪುರಂ, ಮೈಸೂರು
೧೨ ಮಾರ್ಚ್ ೧೯೫೮

ಜವರಯ್ಯ ಭಾವನವರಿಗೆ ಮಹದೇವು ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ತಿಂಗಳಾಯಿತು. ಬೈದುಕೊಂಡಿದ್ದರೆ ತಪ್ಪಲ್ಲ. ಬರೆಯಲು ಒಳ್ಳೆಯ ಸುದ್ದಿಯೊಂದು ಸಿಗಲಿ ಎಂದು ಕಾಯುತ್ತಿದ್ದೆ, ಸಿಕ್ಕಿತು. ಮಂಗಳಕ್ಕನ ಮಂಡಿನೋವು ಹೇಗಿದೆ? ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ನೀವು ಅಕ್ಕಿ ಗಿರಣಿಯ ಬಾಗಿಲು ಕಾಯುತ್ತಿರುವುದು ನೆನಪಾದರೆ ನನಗೆ ಅನ್ನ ಸೇರುವುದಿಲ್ಲ.

ಕಾರಿನ ಇಂಜಿನ್ ಸುಟ್ಟಿರೆಂದು ನಿಮ್ಮನ್ನು ಹೊರಗಟ್ಟಿದ ಆ ಸುಂದರೇಶ ಸಂಕ್ರಾಂತಿ ಕಳೆದ ಮೇಲೆ ನಮ್ಮ ಗ್ಯಾರೇಜಿಗೆ ಬಂದ. ಇಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರ್ ಇದೆಯಲ್ಲ, ಅದರ ಒತ್ತಡ ತೋರಿಸುವ ಮೀಟರು ಬೇಕೆಂದ. ಅವನ ಕಣ್ಣು ಬೆಳ್ಳಿ ಅಂಚಿನ ಪುಟ್ಟ ಮೀಟರಿನ ಮೇಲಿತ್ತು. ನಾನು ಎರಡು ಮುಳ್ಳಿನದನ್ನು ಎತ್ತಿಕೊಟ್ಟೆ. ಅದರ ಕಪ್ಪು ಮುಳ್ಳು ಏರಿ ಇಳಿಯುತ್ತದೆ. ಕೆಂಪು ಮುಳ್ಳು ಏರಿದಲ್ಲೇ ನಿಲ್ಲುತ್ತದೆ, ಕೀಲಿ ಹಾಕಿ ತಿರುಗಿಸುವ ತನಕ.

“ಇಂಥದ್ದು ಊರಲ್ಲಿ ಇನ್ಯಾರ ಕಾರಲ್ಲೂ ಇಲ್ಲ ಸ್ವಾಮಿ” ಎಂದೆ. ಅಷ್ಟೇ ಸಾಕಾಯಿತು. ಕೆಂಪು ಮುಳ್ಳು ಯಾಕೆಂದು ಕೇಳಲಿಲ್ಲ. ಕೀಲಿ ನಾನೇ ಇಟ್ಟುಕೊಂಡೆ.

ಶನಿವಾರ ಶನಿವಾರ ಕಾರು ತೊಳೆಸಲು ಗ್ಯಾರೇಜಿಗೆ ಬಂದಾಗ ಮುಳ್ಳನ್ನು ಸೊನ್ನೆಗೆ ತಿರುಗಿಸುತ್ತಿದ್ದೆ. ಏಳು ವಾರ ಕಾದೆ ಭಾವ. ಹೋದ ಶನಿವಾರ ಹೊಸ ಡ್ರೈವರ್ ಸಿದ್ದರಾಜು ಊರಿಗೆ ಹೋದ. ಭಾನುವಾರ ಸುಂದರೇಶ ಗೆಳೆಯರನ್ನು ಕೂರಿಸಿಕೊಂಡು ತಾನೇ ಬೆಟ್ಟ ಹತ್ತಿಸಿದ. ಅರ್ಧ ದಾರಿಯಲ್ಲಿ ಇಂಜಿನ್ ಹಿಡಿದುಕೊಂಡು ನಿಂತೇಹೋಯಿತು.

ಸೋಮವಾರ ಕಾರು ಎಳೆಸಿಕೊಂಡು, ಅದನ್ನು ಕೊಡಿಸಿದ ಮಾವನ ಜೊತೆ ಬಂದ. ಮತ್ತೆ ಅದೇ ಹಾಡು. “ಈ ಸಿದ್ದರಾಜು ವಾರವೆಲ್ಲ ಒದ್ದು ಓಡಿಸಿ ಮೊದಲೇ ಕೆಡಿಸಿಟ್ಟಿದ್ದ.”

ನಾನು ಮಾವನವರಿಗೆ ಮೀಟರು ತೋರಿಸಿದೆ. “ಎಂಟು ದಾಟಬಾರದು ಯಜಮಾನ್ರೇ. ಶನಿವಾರ ಸಂಜೆ ಸೊನ್ನೆಗಿಟ್ಟು ನಾನೇ ಇವರ ಮನೆಗೆ ಕಾರು ಬಿಟ್ಟುಬಂದೆ. ಸಿದ್ದರಾಜು ಆಗಲೇ ಬಸ್ಸು ಹತ್ತಿದ್ದ. ಈಗ ಹದಿನಾಲ್ಕಕ್ಕೆ ನಿಂತದೆ. ಯಾರು ಓಡಿಸಿದ್ದು ಅಂತ ನೀವೇ ಕೇಳ್ಬುಡಿ.”

ಮುದುಕರು ಬಗ್ಗಿ ಕೆಂಪು ಮುಳ್ಳು ನೋಡಿದರು. “ಹಂಗಾದ್ರೆ ಆ ಜವರಯ್ಯ?” ಎಂದರು. ಅಳಿಯ ಕಾರಿನ ಬಾಗಿಲು ಮುಚ್ಚಲು ಹೋದ. “ಅಳಿಯಂದಿರೇ, ನಾಳೆಯಿಂದ ಟಾಂಗಾ ಹತ್ತಿ” ಎಂದು ಕಾರನ್ನು ತಮ್ಮ ಮನೆಗೆ ಸಾಗಿಸಿದರು. ನಿನ್ನೆ ಅವನು ಟಾಂಗಾದಲ್ಲಿ ನಮ್ಮ ಬೀದಿಯಲ್ಲೇ ಹೋದ. ಕೆಲಸ ಬಿಟ್ಟು ಬಾಗಿಲಿಗೆ ಬಂದು ಕಣ್ತುಂಬ ನೋಡಿದೆ.

ಮತ್ತೆ ಸ್ಟೇರಿಂಗ್ ಹಿಡಿಯಲು ನಿಮ್ಮನ್ನು ಕರೆಸೆಂದು ಆ ಮಾವನವರೇ ಹೇಳಿದ್ದಾರೆ. ಬರುವುದು ಬಿಡುವುದು ನಿಮ್ಮಿಷ್ಟ. ತಾಯಿ ಚಾಮುಂಡಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿಮ್ಮ
ಮಹದೇವು

ಮರೆತ ಮಾತು: ಇದನ್ನು ಅಕ್ಕನಿಗೆ ಓದಿ ಹೇಳಬೇಡಿ. ಹೋದ ವರ್ಷ ಸುಟ್ಟ ಆ ಇಂಜಿನ್ ಬಿಚ್ಚಿದವನು ನಾನು. ಅತಿಯಾದ ಒತ್ತಡಕ್ಕೆ ಪಿಸ್ಟನ್ ತೂತಾಗಿದ್ದನ್ನು ಕಣ್ಣಾರೆ ಕಂಡೆ. ಆದರೂ ಕೆಲಸ ಹೋದೀತೆಂಬ ಹೆದರಿಕೆಗೆ, ಡ್ರೈವರ್ ಎಣ್ಣೆ ಹಾಕಿರಲಿಲ್ಲ ಎಂದು ಬರೆದುಕೊಟ್ಟವನೂ ನಾನೇ. ಸುಂದರೇಶ ಅದನ್ನು ಓದಿ ಹೇಳಿದಾಗ ನೀವು ನನ್ನ ಕಡೆ ತಿರುಗಿದಿರಿ. ನಾನು ಬಗ್ಗಿ ಕೈ ಒರೆಸಿಕೊಳ್ಳುತ್ತಿದ್ದೆ.