ಗಿಣ್ಣು ಬಿಡಿಸದ ಮೂಳೆ

ಅಕ್‌ತೆರೆಕ್
12 ಅಕ್ಟೋಬರ್ 2014

ನನ್ನ ಓರಗಿತ್ತಿ ಕುಲಾಶ್‌ಗೆ,

ಕ್ಷೇಮ ವಿಚಾರಿಸುವ ಸಾಲುಗಳನ್ನು ಈ ಸಲ ಬಿಟ್ಟಿದ್ದೇನೆ. ಮೊನ್ನೆ ನನ್ನ ಮಾತು ಮುಗಿಯುವ ಮುಂಚೆಯೇ ನೀನು ಫೋನ್ ಇಟ್ಟುಬಿಟ್ಟೆ. ಇದನ್ನು ಒಲೆಗೆ ಹಾಕುವುದಿದ್ದರೂ ಓದಿ ಹಾಕು.

ಬೋತಾಳ ಗುರುತಿನ ಚೀಟಿಯ ಅವಧಿ ಮುಗಿದಿತ್ತು. ಹೊಸದು ಮಾಡಿಸಲು ಅವಳನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಹೋದೆ. ಬಸುರಿ ಸರದಿಯಲ್ಲಿ ನಿಲ್ಲುವುದು ಬೇಡವೆಂದು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಕಿಟಕಿಯ ಮುಂದೆ ನಿಂತೆ. ಒಳಗಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಈ ಹೆಸರಲ್ಲಿ ನಮ್ಮ ಕಡೆ ಯಾರೂ ಹುಟ್ಟೇ ಇಲ್ವಲ್ಲ, ಇವರ ತಾಯಿ ಯಾರು?" ಎಂದಳು. ನಾನೇ ಅಂದೆ. "ಹೆತ್ತಿದ್ದಕ್ಕೆ ಆಸ್ಪತ್ರೆ ಕಾಗದ?" ಇಲ್ಲ. "ದತ್ತು ತಗೊಂಡಿದ್ದಕ್ಕೆ ಕೋರ್ಟ್ ಆದೇಶ?" ಅದೂ ಇಲ್ಲ. ನಮ್ಮ ಪದ್ಧತಿ ಹೇಳಿದೆ. ಕೀಲಿನ ಪುಟ್ಟ ಗಿಣ್ಣುಮೂಳೆಯನ್ನು ಬಿಡಿಸದೆ, ಕುರಿಯ ಕಾಲ್ಮೂಳೆಯನ್ನು ಹಿರಿಯರ ಮುಂದೆ ಮಗುವಿನ ಕೈಗೆ ಹಿಡಿಸಿದರೆ ಮಗು ಆ ಮನೆಯದಾಗುತ್ತದೆ, ಇದು ನಿನ್ನ ಅಜ್ಜ ಮುತ್ತಜ್ಜರಿಗೂ ಗೊತ್ತಿದ್ದ ಕಾನೂನು ಎಂದೆ.

"ಹಾಗಾದ್ರೆ ಆ ಮೂಳೆಗೊಂದು ಸೀಲ್ ಹಾಕಿಸ್ಕೊಂಡು ಬನ್ನಿ ಅಜ್ಜಿ" ಎಂದಳು. ನನ್ನ ಹಿಂದಿದ್ದವರೆಲ್ಲ ನಕ್ಕರು.

ಆ ಕಚೇರಿ ಹುಡುಗಿಯ ತಾಯಿಗೆ ಭೂಗೋಳ ಹೇಳಿಕೊಟ್ಟವಳು ನಾನು, ಕುಲಾಶ್. ಆಗಿನ ಭೂಪಟದಲ್ಲಿ ನಿಮ್ಮೂರಿಗೂ ನಮ್ಮೂರಿಗೂ ನಡುವೆ ಒಂದು ತೆಳು ಚುಕ್ಕಿ ಗೆರೆ ಇತ್ತು. ಪರೀಕ್ಷೆಯಲ್ಲಿ ಅದನ್ನು ಮರೆತ ಮಕ್ಕಳಿಗೆ ನಾನು ಅಂಕ ಕಳೆಯುತ್ತಿರಲಿಲ್ಲ. ನಿಮ್ಮ ಹೊಲ ದಾಟಿದ ತಲಾಸ್ ಹೊಳೆಯ ನೀರೇ ನಮ್ಮ ಹೊಲಕ್ಕೆ ಬರುತ್ತಿತ್ತು, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಚಹಾ ನಿನ್ನ ಮನೆಯಲ್ಲಿ. ಆಮೇಲೆ ದೂರದ ಯಾವುದೋ ಊರಿನಲ್ಲಿ ಯಾರೋ ಕುಳಿತು ಸಹಿ ಹಾಕಿದರು, ಒಂದೇ ಆಗಿದ್ದ ದೇಶ ಒಡೆಯಿತು, ಚುಕ್ಕಿಗಳು ಮುಳ್ಳುತಂತಿಯಾದವು. ನಮ್ಮನ್ನು ಒಬ್ಬರೂ ಕೇಳಲಿಲ್ಲ. ಈಗ ಅದೇ ಜನ ನನ್ನ ಮಗಳನ್ನು ನೀನು ಯಾವ ಕಡೆಯವಳು ಎಂದು ಕೇಳುತ್ತಾರೆ.

ಬೋತಾಳಿಗೆ ನಲವತ್ತು ದಿನ ತುಂಬಿದಾಗ ನಿಮ್ಮ ಅಂಗಳದಲ್ಲಿ ಆದದ್ದು ನಿನಗೆ ನೆನಪಿಲ್ಲದೆ ಇಲ್ಲ. ನನ್ನ ಯಜಮಾನರು ತುರಾರ್ ಬೇಯಿಸಿದ ಕಾಲ್ಮೂಳೆಯನ್ನು ಮುಂದೆ ಹಿಡಿದರು. ನಿನ್ನ ಗಂಡ ಎಸೆನ್ ಅವಳ ಪುಟ್ಟ ಮುಷ್ಟಿಯನ್ನು ಬಿಡಿಸಿ ಅದಕ್ಕೆ ಸುತ್ತಿದ. ಹಿರಿಯರು ಮಾಂಸ ತಿಂದು ಕೈಯೆತ್ತಿ ಹರಸಿದರು. ಇನ್ನು ಇವಳ ಮೇಲೆ ನನ್ನ ಹಾಲಿನ ಹಕ್ಕಿಲ್ಲ ಎಂದು ನೀನೇ ಗಟ್ಟಿಯಾಗಿ ಹೇಳಿದೆ. ಕೋರ್ಟಿಗೂ ಹೋಗಿಬರೋಣವೆಂದು ಇಲ್ಲಿನ ಗ್ರಾಮ ಕಾರ್ಯದರ್ಶಿಯನ್ನು ಕೇಳಿದೆ. "ತಮ್ಮನ ಮಗು ಅಣ್ಣನ ಮನೆಗೆ ಬಂದ್ರೆ ಕೋರ್ಟ್ ಯಾಕೆ ಮೇಡಂ? ನಾಚಿಕೆ ಆಗಲ್ವಾ?" ಎಂದು ಗದರಿ, ಅವಳನ್ನು ನಮ್ಮ ಮನೆಯವರ ಪಟ್ಟಿಗೆ ಸೇರಿಸಿದ. ಆ ಪಟ್ಟಿಯ ಮೇಲೆಯೇ ಶಾಲೆ, ಚೀಟಿ, ನರ್ಸ್ ಕೆಲಸ, ಮದುವೆ ಎಲ್ಲವೂ ಆಯಿತು. ಈಗ ಆ ಪಟ್ಟಿಯೂ ಇಲ್ಲ, ಕಾರ್ಯದರ್ಶಿಯೂ ಇಲ್ಲ.

ಡಿಸೆಂಬರಿನಲ್ಲಿ ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ. ಹೀಗೇ ಆದರೆ ಮಗುವನ್ನು ಬೋತಾಳ ಹೆಸರಿಗೆ ಬರೆಯುವುದಿಲ್ಲವಂತೆ. ತಾಯಿಯ ಜಾಗ ಖಾಲಿ. ಅದೇ ಆಸ್ಪತ್ರೆಯಲ್ಲಿ ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವಳು ಅವಳು. ಈಗ ಕೆಲಸಕ್ಕೂ ಬರಬೇಡ ಎಂದಿದ್ದಾರೆ.

ದತ್ತು ಒಪ್ಪಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದ್ದೇನೆ, ನವೆಂಬರ್ 20ಕ್ಕೆ ವಿಚಾರಣೆ. ಹೆತ್ತವಳು ಬಂದು, ಹೆತ್ತದ್ದು ನಾನು, ಕೊಟ್ಟದ್ದು ಇವರಿಗೆ ಎಂದು ಬಾಯಿಬಿಟ್ಟು ಹೇಳಿದರೆ ನ್ಯಾಯಾಧೀಶರು ಒಪ್ಪಬಹುದು ಎಂದು ವಕೀಲರು ಹೇಳುತ್ತಾರೆ. ಆ ಅಂಗಳದಲ್ಲಿ ಕುಳಿತಿದ್ದವರಲ್ಲಿ ಈಗ ಉಳಿದವರು ನಾವಿಬ್ಬರೇ. ನನ್ನ ಮಾತನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೋನಿನಲ್ಲಿ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಕೊಟ್ಟ ಮಗೂನ ನಂದು ಅಂತ ಬಾಯಲ್ಲಿ ಅಂದ್ರೆ ವಾಪಸ್ ಇಸ್ಕೊಂಡ ಹಾಗಕ್ಕ. ಅವಳ ಹೊಟ್ಟೇಲಿರೋದಕ್ಕೆ ತಟ್ಟುತ್ತೆ. ನನ್ನ ಕೈಲಿ ಆಗಲ್ಲ." ನಾನು ಓದಿದವಳು, ಇಂಥವನ್ನು ನಂಬಬಾರದು. ಆದರೂ ಫೋನ್ ಇಟ್ಟಮೇಲೆ ನನಗೂ ಹೆದರಿಕೆಯಾಯಿತು. ಆದರೆ ಯೋಚಿಸು. ಹೇಳಿದರೆ ತಟ್ಟುವುದು ನಮ್ಮ ಹೆದರಿಕೆ. ಹೇಳದಿದ್ದರೆ ತಟ್ಟುವುದು ಖಂಡಿತ.

ಇನ್ನೊಂದು ಮಾತಿದೆ, ಬರೆಯಲೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಬೋತಾಳಿಗೆ ಇದೇನೂ ಗೊತ್ತಿಲ್ಲ. ಹಳ್ಳಿ ಕಚೇರಿಯ ಕಾಗದಗಳು ಸುಟ್ಟುಹೋದವು, ಅದಕ್ಕೇ ಕೋರ್ಟು ಎಂದು ಹೇಳಿದ್ದೇನೆ. ಆ ಮೂಳೆಯನ್ನು ಗೋಡೆಗೆ ತೂಗುಹಾಕಿದ ಜಮಖಾನೆಯ ಹಿಂದೆ, ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿಟ್ಟು ಇಷ್ಟು ವರ್ಷ ಕಾಪಾಡಿದೆ. ನೀನು ಮಾತಾಡುವ ಹೊತ್ತಿಗೆ ಏನಾದರೂ ನೆಪ ಹೇಳಿ ಅವಳನ್ನು ಹೊರಗೆ ಕಳಿಸುತ್ತೇನೆ. ಅದೊಂದಕ್ಕೆ ನನ್ನ ಜೊತೆ ನಿಲ್ಲು. ನನ್ನ ಈ ವಯಸ್ಸಿನಲ್ಲಿ, ಅವಳ ಈ ಸ್ಥಿತಿಯಲ್ಲಿ, ಅವಳು ನನ್ನನ್ನು ಬೇರೆ ಥರ ನೋಡಿದರೆ ನಾನು ತಡೆದುಕೊಳ್ಳಲಾರೆ.

ಬಾ, ಕುಲಾಶ್.

ನಿನ್ನ ಅಕ್ಕ,
ರಬಿಗಾ


ಕೊಕ್‌ಸಾಯ್
27 ಅಕ್ಟೋಬರ್ 2014

ಪೂಜ್ಯ ರಬಿಗಾ ಅಕ್ಕನವರಿಗೆ ಕುಲಾಶ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಒಲೆಗೆ ಹೋಗಲಿಲ್ಲ. ದಿಂಬಿನ ಕೆಳಗಿದೆ.

ಮೊದಲು ಸಿಟ್ಟು ಬಂತು. ನಿಮಗೆ ಚುಕ್ಕಿ ಗೆರೆಯ ಮೇಲೆ ಕೋಪ, ಕಚೇರಿಯ ಹುಡುಗಿಯ ಮೇಲೆ ಕೋಪ. ನನಗೆ ಕೋಪ ಮಾಡಿಕೊಳ್ಳಲು ಯಾರೂ ಸಿಗಲಿಲ್ಲ, ಕೊಟ್ಟವಳು ನಾನೇ. ಹಾಲಿನ ಹಕ್ಕಿಲ್ಲ ಎಂಬ ಆ ಮಾತನ್ನು ಒಂದು ಸಲ ಆಡಲು ನನಗೆ ಎಷ್ಟು ಗಟ್ಟಿ ಮನಸ್ಸು ಬೇಕಾಯಿತು ಎಂದು ನಿಮಗೆ ತಿಳಿಯದು. ಮದುವೆಯಲ್ಲಿ ಅವಳು ಬಾಗಿ ನಮಸ್ಕರಿಸಿದಾಗಲೂ ನಾಲಿಗೆ ಕಚ್ಚಿಕೊಂಡೇ ಹರಸಿದ್ದೆ. ಈಗ ನ್ಯಾಯಾಧೀಶರು ಬಂದು ಆ ನಾಲಿಗೆ ಬಿಚ್ಚು ಅನ್ನುತ್ತಾರೆ.

ಬರುತ್ತೇನೆ. ಪಾಸ್‌ಪೋರ್ಟ್ ನೋಡಿಕೊಂಡೆ, ಸರಿಯಾಗಿದೆ. ಆದರೆ ನನ್ನದೊಂದು ಕರಾರು. ಆ ಮೂಳೆಯನ್ನು ಕೋರ್ಟಿಗೆ ತನ್ನಿ. ನಾನು ಹೆತ್ತೆ ಎಂದ ಉಸಿರಿನಲ್ಲೇ ಕೊಟ್ಟೆ ಅನ್ನುತ್ತೇನೆ, ನಡುವೆ ಉಸಿರು ಬಿಡುವುದಿಲ್ಲ. ಹಾಗೆ ಅನ್ನುತ್ತಲೇ ಮೂಳೆಯನ್ನು ಎಲ್ಲರ ಎದುರು ಅವಳ ಕೈಗೆ ಇನ್ನೊಮ್ಮೆ ಹಿಡಿಸುತ್ತೇನೆ. ಆಗ ವಾಪಸ್ ಇಸಿದುಕೊಂಡ ಹಾಗಾಗುವುದಿಲ್ಲ, ಎರಡನೇ ಸಲ ಕೊಟ್ಟ ಹಾಗಾಗುತ್ತದೆ. ಅಲ್ಲಿದ್ದವರು ನಕ್ಕರೆ ನಗಲಿ. ನಕ್ಕವರೂ ಸಾಕ್ಷಿಗಳೇ.

ಅದಕ್ಕೆ ಅವಳು ಒಳಗೇ ಇರಬೇಕು. ಹೊರಗೆ ಕಳಿಸಬೇಡಿ.

ಹತ್ತೊಂಬತ್ತರ ಸಂಜೆ ಗಡಿಯ ಗೇಟಿನ ಹತ್ತಿರ ಯಾರನ್ನಾದರೂ ಕಳಿಸಿ. ಒಣ ಏಪ್ರಿಕಾಟ್ ತರುತ್ತೇನೆ, ಬಸುರಿಗೆ ಒಳ್ಳೆಯದು.

ನಿಮ್ಮ ತಂಗಿ,
ಕುಲಾಶ್

ಕಾಗದ ಮುಗಿಸಿದ ಮೇಲೆ: ಅವಳಿಗೆ ಗೊತ್ತಿದೆ ಅಕ್ಕ. ಏಳನೇ ಕ್ಲಾಸಿನ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದಾಗ, ನಾನು ಹಾಲು ಕರೆಯುತ್ತಿದ್ದೆ, ಪಕ್ಕದಲ್ಲಿ ಬಂದು ಕುಳಿತಳು. "ಚಿಕ್ಕಮ್ಮ, ಆಟಕ್ಕೆ ಒಂದು ಗಿಣ್ಣು ಸಿಕ್ಕಿದ್ರೆ ಸಾಕು ಅಂತ ನಮ್ಮೂರ ಹುಡುಗ್ರು ಹೊಡೆದಾಡ್ತಾರೆ. ಯಾರ ಮನೇಲೂ ಮೂಳೇಲಿ ಗಿಣ್ಣು ಉಳಿಯಲ್ಲ. ನಮ್ಮನೆ ಜಮಖಾನೆ ಹಿಂದೆ ಒಂದಿದೆ, ಗಿಣ್ಣು ಹಾಗೇ ಇದೆ. ಅದನ್ನ ಹಿಡಿದಿದ್ದು ನಾನೇ ಅಲ್ವಾ?" ಎಂದಳು. ನೀವು ಎಷ್ಟು ಎತ್ತರದಲ್ಲಿ ಕಟ್ಟಿದರೆ ಏನು, ಪಾಠ ಮಾಡುವವರ ಮನೆಯಲ್ಲಿ ಏಣಿಯಂತೆ ಪೇರಿಸಲು ಪುಸ್ತಕಗಳಿದ್ದವು. ನನ್ನ ಕೈ ತಾಗಿ ಬಕೆಟ್ಟು ಮಗುಚಿತು. ಅವಳು ಅದನ್ನು ಎತ್ತಿ ನೆಟ್ಟಗಿಟ್ಟು, "ಅಮ್ಮಂಗೆ ಹೇಳ್ಬೇಡಿ, ಪಾಪ ಬೇಜಾರು ಮಾಡ್ಕೋತಾಳೆ" ಎಂದಳು. ಅಮ್ಮ ಎಂದು ಅವಳು ಹೇಳಿದ್ದು ನಿಮ್ಮನ್ನು.