ತೊಂಬತ್ತೊಂದು ದಿನದ ಸಾಕ್ಷಿ

ಅನುಪ್ಪರ್‌ಪಾಳೆಯಂ, ತಿರುಪ್ಪೂರು
10-9-2006, ಭಾನುವಾರ

ಪ್ರೀತಿಯ ತಂಗಿ ಪುಟ್ಟತಾಯಿಗೆ,

ನಿನ್ನ ಅಕ್ಕ ವಿಜಯ ಮಾಡುವ ಆಶೀರ್ವಾದ. ನಿನ್ನ ಎರಡು ಕಾಗದವೂ ಬಂದು ತಲುಪಿದವು. ಉತ್ತರ ಬರೆಯಲು ಕೂತಾಗಲೆಲ್ಲ ಒಂದು ಸಾಲು ಬರೆದು ಹರಿದುಹಾಕುತ್ತಿದ್ದೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಸೊಸೆಗೆ ಹೆರಿಗೆ ಸುಸೂತ್ರವಾಗಿ ಆಯಿತೆಂದು ಓದಿ ಮನಸ್ಸಿಗೆ ಹಿತವಾಯಿತು. ಕೂಸಿಗೆಂದು ಮೆತ್ತನೆಯ ಬನಿಯನ್ ಬಟ್ಟೆ ಎತ್ತಿಟ್ಟಿದ್ದೇನೆ. ನಮ್ಮ ಗೋಮತಿ ತಾನು ಕೆಲಸಕ್ಕಿದ್ದ ಬನಿಯನ್ ಕಂಪನಿಯಿಂದ ತಂದಿಟ್ಟದ್ದು. ತೊಳೆದು ಕಳಿಸುತ್ತೇನೆ.

ಇವರು ಪಾತ್ರೆ ಅಂಗಡಿಯನ್ನು ಮತ್ತೆ ತೆರೆದಿದ್ದಾರೆ. ಆದರೆ ವ್ಯಾಪಾರದ ಕಡೆ ಗಮನವಿಲ್ಲ. ಒಂದೇ ಹಿತ್ತಾಳೆ ಕೊಡವನ್ನು ಬೆಳಗಿನಿಂದ ಉಜ್ಜುತ್ತಾ ಕೂರುತ್ತಾರೆ. ನಾನು ಮೊದಲಿನಂತೆ ಡೈರಿ ಬರೆಯುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಇವರು ನಗುತ್ತಿದ್ದರು, ‘ನಮ್ಮ ಮನೇಲಿ ಕನ್ನಡ ಬಾಯಿಗೆ ಮಾತ್ರ, ಅಕ್ಷರ ಯಾರಿಗೂ ತೆರಿಯಾದು. ಏನು ಬೇಕಾದ್ರೂ ಬರ್ಕೋ’ ಎಂದು. ಈಗಲೂ ಈ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ಮಗಳ ತಿಥಿಯ ದಿನ ಹಿತ್ತಲಲ್ಲಿ ನೀನು ಕೇಳಿದೆ, ‘ಅಕ್ಕಾ, ಮಾತ್ರೆ ಬಿಟ್ಟು ಮೂರು ತಿಂಗಳು ಚೆನ್ನಾಗಿದ್ದವಳಿಗೆ ಆಮೇಲೆ ಯಾಕಾಯ್ತು?’ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋದೆ. ಇವತ್ತು ನಡೆದದ್ದನ್ನು ನಡೆದಂತೆ ಬರೆಯಲು ನೋಡುತ್ತೇನೆ.

ಗೋಮತಿಗೆ ಹತ್ತನೇ ವರ್ಷದಿಂದ ಫಿಟ್ಸ್ ಇದ್ದದ್ದು ನಿನಗೆ ಗೊತ್ತು. ಬಚ್ಚಲಿನ ಚಿಲಕ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಹನ್ನೆರಡು ವರ್ಷ ಅವಳು ಸ್ನಾನಕ್ಕೆ ಹೋದಾಗಲೆಲ್ಲ ನಾನು ಹೊರಗೆ ಕೂತು ಸೊಪ್ಪು ಸೋಸುತ್ತಿದ್ದೆ. ಎರಡು ಸಂಬಂಧ ಬಂದು ವಾಪಸು ಹೋದವು. ಆಗ ಇವರಿಗೆ ಅಂಗಡಿಯಲ್ಲಿ ಯಾರೋ ಹೇಳಿದರು, ಅವಿನಾಶಿ ರಸ್ತೆಯ ಮೈದಾನದಲ್ಲಿ ಒಬ್ಬ ಪಾಸ್ಟರ್ ಐಯಾ ಪ್ರಾರ್ಥನೆಯಲ್ಲೇ ವಾಸಿ ಮಾಡುತ್ತಾರೆ ಎಂದು. ನಾವೇನೂ ಜಾತಿ ಬಿಡಲಿಲ್ಲ. ಮನೆಯಲ್ಲಿ ಮಾದೇಶ್ವರನ ಪಟಕ್ಕೆ ಕೈಮುಗಿದೇ ಹೋದೆವು.

ಅಲ್ಲಿ ವೇದಿಕೆಯ ಮೇಲೆ ಒಂದು ದೊಡ್ಡ ಬೆತ್ತದ ಬುಟ್ಟಿ. ರೋಗಿಗಳು ತಮ್ಮ ಮಾತ್ರೆಗಳನ್ನೆಲ್ಲ ತಂದು ಅದಕ್ಕೆ ಹಾಕಬೇಕು. ವಾಸಿಯಾಗುವ ಮುಂಚೆಯೇ ವಾಸಿಯಾಯಿತೆಂದು ದೇವರಿಗೆ ವಂದನೆ ಹೇಳಬೇಕು. ಅದು ಅವರ ಕ್ರಮ. ಫೆಬ್ರವರಿ ಹನ್ನೆರಡು, ಭಾನುವಾರ, ನಾನೇ ನನ್ನ ಕೈಯಾರೆ ಹಾಕಿದೆ. ಪಾಸ್ಟರ್ ನನ್ನ ಮುಖ ನೋಡಿ, ‘ಮನೆಯಲ್ಲಿ ಇನ್ನೂ ಉಳಿದಿದೆಯಾ ಅಮ್ಮಾ? ಒಂದು ಉಳಿದರೂ ನಂಬಿಕೆ ಅರ್ಧವೇ’ ಎಂದರು. ‘ಇಲ್ಲ’ ಎಂದೆ.

ಆಮೇಲೆ ಒಂದು ಸಲವೂ ಫಿಟ್ಸ್ ಬರಲಿಲ್ಲ. ಮೇ ಹದಿನಾಲ್ಕರಂದು ಅವಳನ್ನು ವೇದಿಕೆಗೆ ಕರೆದು ವಾಸಿಯಾದದ್ದಕ್ಕೆ ಸಾಕ್ಷಿ ಹೇಳಿಸಿದರು. ಹಳದಿ ದಾವಣಿ ಉಟ್ಟಿದ್ದಳು. ‘ತೊಂಬತ್ತೊಂದು ದಿನ ಆಯ್ತು’ ಎಂದು ಮೈಕಿನಲ್ಲಿ ಹೇಳಿದಾಗ ಮೈದಾನವೆಲ್ಲ ಚಪ್ಪಾಳೆ. ಅವತ್ತು ಮನೆಗೆ ಬಂದವಳೇ, ‘ಅಮ್ಮಾ, ಇನ್ನು ನೀ ಬಾಗಿಲ ಕಾಯೋದು ವೇಂಡಾ. ನಾ ಚಿಲಕ ಹಾಕ್ಕೊಂಡೇ ನೀರು ಹುಯ್ಕೋತೀನಿ, ರಾಣಿ ಮಾದ್ರಿ’ ಎಂದಳು. ಒಳಗಿನಿಂದ ಚಿಲಕದ ಸದ್ದು ಕೇಳಿ ನಾವಿಬ್ಬರೂ ನಕ್ಕೆವು.

ಒಂಬತ್ತನೇ ದಿನ ಅದೇ ಚಿಲಕವನ್ನು ಇವರು ಒಡೆಯಬೇಕಾಯಿತು.

ಪಾಸ್ಟರ್ ಮನೆಗೆ ಬಂದಿದ್ದರು. ಅತ್ತರು ಕೂಡ. ಆಮೇಲೆ ಎಲ್ಲರೆದುರು, ‘ಈ ಮನೆಯಲ್ಲಿ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ. ದೇವರು ಕೊಟ್ಟದ್ದನ್ನು ಆ ಸಂದೇಹ ಕಿತ್ತುಕೊಂಡಿತು’ ಎಂದರು. ಅವತ್ತಿನಿಂದ ಇವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದಾರೆ: ‘ನಾನು ಸಂದೇಹ ಪಟ್ಟೆನಾ ವಿಜಯಾ? ಒಂದಿನ ಅಂಗಡೀಲಿ ಪಟ್ಟಿರಬೇಕು.’ ಇಲ್ಲಿಯ ಹಳೆಯ ಚರ್ಚಿನ ಸಿಸ್ಟರ್ ಒಬ್ಬರೂ ಬಂದು ನನ್ನ ಕೈ ಹಿಡಿದು ಕೂತಿದ್ದರು. ‘ನಾವೂ ಪ್ರಾರ್ಥಿಸುತ್ತೇವೆ ಅಮ್ಮಾ, ಆದರೆ ಮಾತ್ರೆ ಬಿಡಿ ಅಂತ ಯಾರಿಗೂ ಹೇಳುವುದಿಲ್ಲ’ ಎಂದರು. ಇಬ್ಬರದೂ ಒಂದೇ ದೇವರು. ಯಾರ ಮಾತು ಹಿಡಿಯಲಿ?

ಆ ಸಾಕ್ಷಿಯನ್ನು ಸಿಡಿ ಮಾಡಿ ಪ್ರತಿ ಶುಕ್ರವಾರ ಸಂಜೆ ಕೇಬಲ್ ಟಿವಿಯಲ್ಲಿ ಈಗಲೂ ಹಾಕುತ್ತಾರೆ. ಇವರು ಅಂಗಡಿ ಬೇಗ ಮುಚ್ಚಿ ಬಂದು ಕೂರುತ್ತಾರೆ. ಅವಳು ನಕ್ಕಲ್ಲಿ ಇವರೂ ನಗುತ್ತಾರೆ. ಅದನ್ನು ಹಾಕುವುದು ನಿಲ್ಲಿಸಿ ಎಂದು ಪಾಸ್ಟರನ್ನು ಕೇಳಲು ಹೊರಟು ಎರಡು ಸಲ ಬಸ್ ಸ್ಟಾಪಿನಿಂದ ವಾಪಸು ಬಂದೆ. ಅವಳು ಮಾತಾಡುವುದನ್ನು ನೋಡಲು ನಮಗೆ ಬೇರೇನೂ ಇಲ್ಲ.

ಈಗ ಹೊಸದೊಂದು ಬಂದಿದೆ. ಕಾರಮಡೈಯಲ್ಲಿರುವ ಇವರ ಅಕ್ಕ ಪಳನಿಯಮ್ಮಾಳ್ ನಿನ್ನೆ ಬಂದಿದ್ದರು. ಅವರ ಮೊಮ್ಮಗಳು ಭೂಮಿಗೆ ಏಳು ವರ್ಷ, ಅದಕ್ಕೂ ಫಿಟ್ಸ್. ‘ನಾಳೆ ಬಿಟ್ಟು ಬರೋ ಭಾನುವಾರ ಬುಟ್ಟಿಗೆ ಹಾಕಿಬಿಡ್ತೀನಿ ವಿಜಯಾ. ನಿಮ್ಮ ಮನೇಲಿ ಯಾರೋ ಸಂದೇಹಪಟ್ರು, ವಾಸಿಯಾದ್ದು ನಿಂತಿಲ್ಲ. ನಾ ಪಡಲ್ಲ. ಆ ತೊಂಬತ್ತೊಂದು ದಿನ ನಿಜ ತಾನೆ? ಅದೊಂದು ಹೇಳು ಸಾಕು’ ಎಂದರು. ಗುರುವಾರ ಬನ್ನಿ ಅತ್ತಿಗೆ ಎಂದು ಕಳಿಸಿದೆ.

ನಿನ್ನ ಮಕ್ಕಳು, ಸೊಸೆ, ಕೂಸು ಎಲ್ಲರಿಗೂ ಮಾದಪ್ಪ ಒಳ್ಳೆಯದು ಮಾಡಲಿ. ಬಾಣಂತಿಯನ್ನು ತಣ್ಣೀರಿಗೆ ಬಿಡಬೇಡ.

ನಿನ್ನ ಅಕ್ಕ,
ವಿಜಯಮ್ಮ

ಮರೆತ ಮಾತು: ಇವತ್ತು ಗುರುವಾರ, 14ನೇ ತಾರೀಖು. ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಮರೆತ ಮಾತು ಎಂದು ಬರೆದೆ, ಮರೆತಿರಲಿಲ್ಲ ಪುಟ್ಟತಾಯಿ. ಬುಟ್ಟಿಗೆ ಹಾಕಿದ ಮರುದಿನವೇ ನಾನು ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದೆ. ಚಮಚದ ಹಿಂಬದಿಯಲ್ಲಿ ಅರೆದು ದಿನಾ ಬೆಳಿಗ್ಗೆ ಅವಳ ಗಂಜಿಗೆ ಬೆರೆಸಿದೆ. ಅವಳಿಗೂ ಹೇಳಲಿಲ್ಲ. ತೊಂಬತ್ತೊಂದು ದಿನ. ವೇದಿಕೆಯ ಮೇಲೆ ಅವಳು, ‘ಎಲ್ಲಾ ನಮ್ಮಮ್ಮನ ನಂಬಿಕೆ’ ಎಂದು ನನ್ನತ್ತ ಕೈ ತೋರಿಸಿದಳು. ಅಷ್ಟು ಜನ ತಿರುಗಿ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು. ಇನ್ನಾದರೂ ಆ ದೇವರಿಗೆ ಮೋಸ ಮಾಡಬಾರದು ಎಂದುಕೊಂಡೆ. ಮರುದಿನದಿಂದ ಬೆರೆಸಲಿಲ್ಲ. ಮೋಸ ಮಾಡಿದ್ದಕ್ಕೆ ಹೋದಳೋ, ಮೋಸ ನಿಲ್ಲಿಸಿದ್ದಕ್ಕೆ ಹೋದಳೋ, ನನಗೆ ಇವತ್ತಿಗೂ ತಿಳಿಯದು.

ಮಧ್ಯಾಹ್ನ ಅತ್ತಿಗೆ ಭೂಮಿಯನ್ನು ಕರೆದುಕೊಂಡು ಬಂದರು. ಇವರೂ ಊಟಕ್ಕೆ ಬಂದಿದ್ದರು. ಬಾಯಲ್ಲಿ ಹೇಳಲು ಆಗಲಿಲ್ಲ. ಡೈರಿ ತಂದು ಓದಿದೆ. ‘ಫೆಬ್ರವರಿ ಹದಿಮೂರು, ಮಾತ್ರೆ ಕೊಟ್ಟೆ. ಹದಿನಾಲ್ಕು, ಕೊಟ್ಟೆ. ಹದಿನೈದು, ಕೊಟ್ಟೆ. ಗಂಜಿ ಕಹಿ ಎಂದಳು. ಮೆಂತ್ಯ ಎಂದೆ.’ ಮಾರ್ಚಿಗೆ ಬರುವಷ್ಟರಲ್ಲಿ ಅತ್ತಿಗೆ, ‘ಪೋದುಂ, ಸಾಕು ವಿಜಯಾ’ ಎಂದು ತಡೆದರು. ಭೂಮಿಯನ್ನು ಹತ್ತಿರ ಎಳೆದುಕೊಂಡು, ‘ಒಂದು ಲೋಟ ನೀರು ಕೊಡು. ಮಗೂಗೆ ಮಾತ್ರೆ ಟೈಮಾಯ್ತು’ ಎಂದರು.

ಅವರು ಹೋದ ಮೇಲೆ ಇವರು ಡೈರಿಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಓದಲು ಬಾರದಿದ್ದರೂ ಪುಟಪುಟದಲ್ಲೂ ‘ಕೊಟ್ಟೆ’ ಎಂಬ ಆ ಒಂದೇ ಪದದ ಮೇಲೆ ಬೆರಳಿಡುತ್ತಾ ಹೋದರು. ಮೇ ತಿಂಗಳಲ್ಲಿ ಒಂದು ಕಡೆ ಬೆರಳು ನಿಂತಿತು.

‘ಇಲ್ಲಿಂದ ಅದು ಇಲ್ಲವಲ್ಲ?’

‘ಇಲ್ಲ’ ಎಂದೆ.

ಆಗಿನಿಂದ ಇವರು ಡೈರಿಯನ್ನು ತೊಡೆಯಿಂದ ಇಳಿಸಿಲ್ಲ. ಅಂಗಡಿಗೂ ಹೋಗಿಲ್ಲ. ನಾಳೆ ಶುಕ್ರವಾರ. ಟಿವಿ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ.